ಕೈ ಕಲಿತ ಜಾಗ

ಈ ಸಂಚಿಕೆಗೆ ಲೇಖನ ಟೈಪ್ ಮಾಡಲು ಕೂತೆ. ಊರಲ್ಲಿ ವಿಂಡೋಸ್ ಕಂಪ್ಯೂಟರಿನಲ್ಲಿ ‘ನುಡಿ’ಯಿಂದ ಕಲಿತ ಕೈ, ಚೆನ್ನೈಯಲ್ಲಿ ಸಿಕ್ಕಿದ್ದು ಗೆಳೆಯನ ಮ್ಯಾಕ್. ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್ ಒತ್ತುವಷ್ಟರಲ್ಲೇ ಪರದೆಯ ಮೇಲೆ ‘ಕಲಿ’ ಎಂದು ಮೂಡಿತು! ಯಂತ್ರವೇ ಬುದ್ಧಿ ಹೇಳಿತೇನೋ ಅಂದುಕೊಂಡೆ. ಇಂಥ ಪೇಚಿಗೆ ಸಿಕ್ಕವರು ನಮ್ಮಲ್ಲಿ ಇನ್ನೂ ಇರಬಹುದು. ಅವರಿಗಾಗಿ ಈ ನಾಲ್ಕು ಮಾತು.

ಕೈ ಕಲಿಯುವುದು ಕೀಲಿಯ ಹೆಸರನ್ನಲ್ಲ, ಜಾಗವನ್ನು. ನಕಲು ಮಾಡಲು ವಿಂಡೋಸಿನಲ್ಲಿ ಕಂಟ್ರೋಲ್ ಮತ್ತು ಸಿ, ಕಿರುಬೆರಳಿನ ಕೆಲಸ. ಮ್ಯಾಕಿನಲ್ಲಿ ಕಮಾಂಡ್ ಮತ್ತು ಸಿ. ಕಮಾಂಡ್ ಇರುವುದು ಸ್ಪೇಸ್ ಪಟ್ಟಿಯ ಪಕ್ಕ, ಹೆಬ್ಬೆರಳಿನ ಕೆಳಗೆ. ಝಡ್, ಎಕ್ಸ್, ಸಿ, ವಿ ಅಕ್ಷರಗಳು ಎರಡರಲ್ಲೂ ಒಂದೇ. ೧೯೮೩ರ ಆಪಲ್ ಲೀಸಾದಲ್ಲೇ ಇವು ಇದ್ದವು. ವಿಂಡೋಸ್ ಆಮೇಲೆ ತೆಗೆದುಕೊಂಡಿತು. ಅಂದರೆ ಬದಲಾಗಬೇಕಾದ್ದು ಒಂದೇ ಬೆರಳು. ಆದರೆ ಅರ್ಧ ಕಲಿತ ಕೈ ಅಪಾಯ. ಬೇರೆ ಕಡೆಯಿಂದ ಅಂಕಿ ಎತ್ತುವಾಗ ಅಭ್ಯಾಸಬಲದಿಂದ ಕಂಟ್ರೋಲ್ ಒತ್ತಿದರೆ ನಕಲೇ ಆಗುವುದಿಲ್ಲ. ಲೆಕ್ಕದ ಹಾಳೆಯಲ್ಲಿ ಹಳೆಯ ಅಂಕಿ ಬಂದು ಕೂರುತ್ತದೆ. ಆಮೇಲೆ ತಾಳೆಪಟ್ಟಿ ಕೂಡದೆ ತಲೆ ಕೆರೆದುಕೊಳ್ಳಬೇಕು. ಎಕ್ಸೆಲ್‌ನಲ್ಲಿ ಮನೆ ತಿದ್ದಲು ಎಫ್೨ ಒತ್ತಿದರೆ ಪರದೆ ಇನ್ನಷ್ಟು ಬೆಳಗುತ್ತದೆ, ಅಷ್ಟೆ! ಜೊತೆಗೆ ಎಫ್‌ಎನ್ ಕೀಲಿಯನ್ನೂ ಹಿಡಿಯಬೇಕು.

ಟ್ರ್ಯಾಕ್‌ಪ್ಯಾಡಿನ ಮೇಲೆ ಎರಡು ಬೆರಳು ಮೇಲಕ್ಕೆ ಸರಿಸಿದರೆ ಪುಟವೂ ಬೆರಳ ಜೊತೆ ಮೇಲಕ್ಕೇ ಹೋಗುತ್ತದೆ. ಮ್ಯಾಕಿನಲ್ಲಿ ೨೦೧೧ರಿಂದ ಹೀಗೆ. ಒಗ್ಗದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ತಿರುಗಿಸಿಕೊಳ್ಳಬಹುದು. ಕಂಟ್ರೋಲ್, ಕಮಾಂಡ್‌ಗಳನ್ನೂ ಅಲ್ಲೇ ಅದಲುಬದಲು ಮಾಡಬಹುದು.

ಇನ್ನು ಕನ್ನಡ. ನುಡಿಯಲ್ಲಿರುವುದು ಕೆ. ಪಿ. ರಾವ್ ಅವರ ವಿನ್ಯಾಸ: ಧ್ವನಿಗೆ ತಕ್ಕ ಇಂಗ್ಲಿಷ್ ಅಕ್ಷರ, ಒತ್ತಿಗೆ ಎಫ್. ನನ್ನ ಮುಂದೆ ಇದ್ದದ್ದು ಇನ್‌ಸ್ಕ್ರಿಪ್ಟ್. ಅದರಲ್ಲಿ ಎನ್ ಎಂದರೆ ‘ಲ’, ಎಫ್ ಎಂದರೆ ಗುಡಿಸು, ಒತ್ತಿಗೆ ಡಿ. ಹಾಗಾಗಿಯೇ ‘ಕಲಿ’. ಇನ್‌ಸ್ಕ್ರಿಪ್ಟಿಗೂ ತನ್ನದೇ ನ್ಯಾಯ ಉಂಟು: ಭಾರತದ ಭಾಷೆಗಳಿಗೆಲ್ಲ ‘ಕ’ ಒಂದೇ ಜಾಗ. ಮ್ಯಾಕಿನಲ್ಲಿ ಧ್ವನಿಯಂತೆ ಬರೆಯುವ ‘ಕನ್ನಡ ಕ್ವೆರ್ಟಿ’ ಆಯ್ಕೆಯೂ ಇದೆ.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ಕಂಟ್ರೋಲ್ ತಪ್ಪಿದರೆ ವಾರದಲ್ಲಿ ಕೈ ತಾನೇ ತಿದ್ದಿಕೊಳ್ಳುತ್ತದೆ. ಕನ್ನಡ ತಪ್ಪಿದರೆ ಹಾಗಲ್ಲ. ‘ಬೇಡ ಬಿಡು’ ಎಂದು ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯಲು ಶುರುಮಾಡುತ್ತೇವೆ. ಊರು ಬಿಟ್ಟು ಬಂದ ನಮಗೆ ಆ ‘ಬೇಡ ಬಿಡು’ ಬಲು ಸುಲಭ. ಹೊಸ ಯಂತ್ರ ಬಂದ ದಿನ ಮೊದಲು ಕನ್ನಡದ ಕೀಲಿಮಣೆ ಹಾಕಿಕೊಳ್ಳಿ, ಮಿಕ್ಕದ್ದು ಆಮೇಲೆ. ಈ ಲೇಖನ ಮುಗಿಸಲು ನನಗೆ ಮೂರು ಸಂಜೆ ಹಿಡಿಯಿತು; ಆದರೆ ಒಂದಕ್ಷರವನ್ನೂ ಇಂಗ್ಲಿಷಿನಲ್ಲಿ ಬರೆಯಲಿಲ್ಲ.