ಮನೆಯಂಗಳಕ್ಕೆ ಬಂದ ವಿದ್ವದ್ಗೋಷ್ಠಿ

ರೇಡಿಯೋ ಮುಂದೆ ಕುಳಿತ ತಾವು ವಿದ್ವಾಂಸರ ಮಾತನ್ನು ಕೇಳಬಲ್ಲಿರಿ, ಎದ್ದುನಿಂತು ಪ್ರಶ್ನಿಸಲಾರಿರಿ. ಅದಕ್ಕೆ ಸಭಾಂಗಣಕ್ಕೇ ಹೋಗಬೇಕಿತ್ತು. 2020ರಲ್ಲಿ ಕೋವಿಡ್ ಮಹಾಮಾರಿಯಿಂದ ಆ ಸಭಾಂಗಣಗಳಿಗೆ ಬೀಗ ಬಿದ್ದು, ಗೋಷ್ಠಿಗಳು ಅಂತರಜಾಲವನ್ನು ಆಶ್ರಯಿಸಿದವು. (‘ಅಂತರ್ಜಾಲ’ವೆಂಬ ರೂಢಿಗೆ ನನ್ನ ಕಿವಿ ಇನ್ನೂ ಒಗ್ಗಿಲ್ಲ.) ಸ್ಥಳ ಬದಲಾದರೆ ಮಾತನಾಡುವವರೂ ಬದಲಾಗುವರೆ?

ಒಂದು ನಿದರ್ಶನವನ್ನು ನೋಡೋಣ. ಯಂತ್ರಗಳಿಗೆ ಕಲಿಯುವ ಶಕ್ತಿಯನ್ನು ಕೊಡುವ ಶಾಸ್ತ್ರವೊಂದು ಈಗ ಬೆಳೆದಿದೆಯಷ್ಟೆ. 2018 ಮತ್ತು 2019ರಲ್ಲಿ ಅದರ ದೊಡ್ಡ ಸಮ್ಮೇಳನವೊಂದು ಕೆನಡಾದಲ್ಲಿ ಸೇರಿದಾಗ, ಆಫ್ರಿಕದ ಅನೇಕ ಸಂಶೋಧಕರಿಗೆ ವೀಸಾ ದೊರೆಯಲಿಲ್ಲ. ವಿದ್ವತ್ತಿಗೆ ಕೊರತೆಯಿರಲಿಲ್ಲ, ರಹದಾರಿಯ ಮೇಲೊಂದು ಮುದ್ರೆ ಬೀಳಲಿಲ್ಲ, ಅಷ್ಟೆ. ಅದೇ ಶಾಸ್ತ್ರದ ಐ.ಸಿ.ಎಲ್.ಆರ್. ಎಂಬ ಮತ್ತೊಂದು ಸಮ್ಮೇಳನವು 2020ರ ಏಪ್ರಿಲಿನಲ್ಲಿ ಇಥಿಯೋಪಿಯದ ಅಡಿಸ್ ಅಬಾಬದಲ್ಲಿ ನೆರೆಯಬೇಕೆಂದು ಗೊತ್ತಾಗಿತ್ತು. ಅಷ್ಟರಲ್ಲಿ ರೋಗ ಹಬ್ಬಿತು. ಸಮ್ಮೇಳನವೆಲ್ಲ ಅಂತರಜಾಲದಲ್ಲೇ ನಡೆಯಿತು. ವೀಸಾದ ಮಾತೇ ಇಲ್ಲವಾಯಿತು, ನಿಜ. ಆದರೆ ಆ ನಗರದ ವಿದ್ಯಾರ್ಥಿ ತನ್ನ ಊರಿನ ಸಭೆಗೇ ನಡೆದುಹೋಗಿ, ಗ್ರಂಥದಲ್ಲಿ ಹೆಸರು ಕಂಡಿದ್ದ ಪಂಡಿತರ ಪಕ್ಕದಲ್ಲಿ ಕಾಫಿ ಕುಡಿಯುವ ಯೋಗವೂ ಇಲ್ಲವಾಯಿತು. ನನಗೆ ಈ ನಷ್ಟ ಸಣ್ಣದೆನಿಸುವುದಿಲ್ಲ. ಆ ಸಮ್ಮೇಳನ ಆಫ್ರಿಕದ ನೆಲದಲ್ಲಿ ನೆರೆದದ್ದು 2023ರಲ್ಲಿ, ರುವಾಂಡದ ಕಿಗಾಲಿಯಲ್ಲಿ.

ಇನ್ನು ಪ್ರಶ್ನೆ ಕೇಳುವವರ ವಿಚಾರ. 10 ದೇಶಗಳ 35 ಸಂಸ್ಥೆಗಳ ಗೋಷ್ಠಿಗಳನ್ನು ಗಮನಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಸಭೆಯಲ್ಲಿ ಸ್ತ್ರೀಯರು ಸಾಕಷ್ಟಿದ್ದರೂ ಪ್ರಶ್ನಿಸುವವರು ಹೆಚ್ಚಾಗಿ ಪುರುಷರೇ. ಮೊದಲ ಪ್ರಶ್ನೆ ಪುರುಷನದಾದರೆ ಸ್ತ್ರೀಯರು ಮತ್ತಷ್ಟು ಹಿಂಜರಿಯುತ್ತಾರೆಂದು ಅದರಿಂದ ತಿಳಿಯಿತು. ತರಗತಿಯಲ್ಲಿ ನಿಂತವರಿಗೆ ಇದು ಹೊಸ ಸುದ್ದಿಯೇನಲ್ಲ. ಅಂತರಜಾಲದ ಗೋಷ್ಠಿಯಲ್ಲಿ ಪ್ರಶ್ನೆಯನ್ನು ಬರೆದು ಕಳುಹಿಸಬಹುದು. ಬರೆದ ಪ್ರಶ್ನೆಗೆ ಗಟ್ಟಿ ಕಂಠ ಬೇಡ, ಮುಂದಿನ ಸಾಲಿನ ಕುರ್ಚಿಯೂ ಬೇಡ. ಆದರೆ ಬಂದವುಗಳಲ್ಲಿ ಯಾವುದನ್ನು ಓದಬೇಕೆಂಬುದು ಅಧ್ಯಕ್ಷರ ಕೈಯಲ್ಲಿದೆ. ಸಭಾಂಗಣದಲ್ಲಾದರೆ ಎತ್ತಿದ ಕೈಯನ್ನು ಅವರು ಕಾಣದಂತೆ ಇದ್ದರೆ ಹತ್ತು ಜನ ನೋಡುತ್ತಿದ್ದರು. ಇಲ್ಲಿ ಓದದೆ ಬಿಟ್ಟ ಪ್ರಶ್ನೆ, ಎಷ್ಟೋ ವೇಳೆ, ಬರೆದವರಿಗೂ ಅಧ್ಯಕ್ಷರಿಗೂ ಮಾತ್ರ ಗೊತ್ತು.

ಗಡಿಯಾರವೂ ಒಂದು ಬಾಗಿಲೇ. ಬೇಸಗೆಯಲ್ಲಿ ಬಾಸ್ಟನ್ನಿನ ಮಧ್ಯಾಹ್ನ 12 ಗಂಟೆಯ ಗೋಷ್ಠಿ ನಮ್ಮಲ್ಲಿ ರಾತ್ರಿ 9-30ಕ್ಕೆ ಆರಂಭ. ಅಲ್ಲಿನವರು ತಮ್ಮ ಕೊಠಡಿಯ ಬಾಗಿಲು ಹಾಕಿಕೊಂಡು ಮಾತನಾಡುತ್ತಾರೆ; ಇಲ್ಲಿನ ಉಪನ್ಯಾಸಕಿ ಮಗುವನ್ನು ಮಲಗಿಸಿ, ಅಡಿಗೆಮನೆಯ ದೀಪದಲ್ಲಿ ಕುಳಿತು, ಒಳಗಿನವರು ಎದ್ದಾರೆಂದು ದನಿ ತಗ್ಗಿಸಿ ಉತ್ತರ ಹೇಳುತ್ತಾರೆ.