ತಲೆಯ ಪೆಟ್ಟನ್ನು ಅಲ್ಪವೆಂದೆಣಿಸಬಾರದು

ಕಾಲ್ಚೆಂಡಾಟದಲ್ಲಿ ಹೈದರಾಬಾದು ಭಾರತಕ್ಕೆ ತಂದಿತ್ತ ಕೀರ್ತಿ ಸಾಮಾನ್ಯವಾದುದಲ್ಲ. ಈ ನಗರದ ಸೈಯದ್ ಅಬ್ದುಲ್ ರಹೀಮರು ತರಬೇತುಗೊಳಿಸಿದ ತಂಡವು 1962ರಲ್ಲಿ ಜಕಾರ್ತಾದ ಏಷ್ಯನ್ ಕ್ರೀಡೆಗಳಲ್ಲಿ ಸ್ವರ್ಣಪದಕವನ್ನು ಗೆದ್ದಿತು. ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ ಜರ್ನೈಲ್ ಸಿಂಗರು ಅಂತಿಮ ಪಂದ್ಯದಲ್ಲಿ ಆಡಿ ಗೋಲು ಹೊಡೆದುದನ್ನು ಕ್ರೀಡಾಭಿಮಾನಿಗಳು ಇಂದಿಗೂ ಹೆಮ್ಮೆಯಿಂದ ನೆನೆಯುತ್ತಾರೆ. ಆ ಧೈರ್ಯಕ್ಕೆ ವಂದಿಸೋಣ. ಆದರೆ ಅದನ್ನೇ ಮೇಲ್ಪಂಕ್ತಿಯಾಗಿ ಹಿಡಿಯಬಾರದೆಂದು ಇಂದಿನ ವೈದ್ಯಶಾಸ್ತ್ರವು ಎಚ್ಚರಿಸುತ್ತದೆ. ಚರ್ಮದ ಗಾಯ ಕಣ್ಣಿಗೆ ಕಾಣುತ್ತದೆ, ಮಾಯುತ್ತದೆ. ತಲೆಬುರುಡೆಯೊಳಗೆ ಮಿದುಳು ಅಲುಗಿದುದು ಯಾರ ಕಣ್ಣಿಗೂ ಬೀಳದು.

ಮತ್ತೆ ಮತ್ತೆ ಪೆಟ್ಟು ತಿಂದ ಕೆಲವರ ಮಿದುಳಿನಲ್ಲಿ ‘ಟೌ’ ಎಂಬ ಪ್ರೋಟೀನು ವಿಕಾರಗೊಂಡು ಶೇಖರವಾಗುತ್ತದೆ. ಆಟ ಬಿಟ್ಟು ಹಲವು ವರ್ಷಗಳಾದ ಮೇಲೆ ಮರೆವು, ಸಿಡುಕು, ಖಿನ್ನತೆಗಳು ತಲೆದೋರಬಹುದು. ಮುಷ್ಟಿಯುದ್ಧ ಮಾಡುವವರಲ್ಲಿ ಇಂತಹ ವಿಕಾರವನ್ನು ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡರು 1928ರಲ್ಲಿಯೇ ವರ್ಣಿಸಿದ್ದರು. ಚೆಂಡನ್ನು ತಲೆಯಿಂದ ಗುದ್ದುವುದರಲ್ಲಿ ಹೆಸರಾಗಿದ್ದ ಇಂಗ್ಲೆಂಡಿನ ಜೆಫ್ ಆಸಲ್ 2002ರಲ್ಲಿ, 59ನೆಯ ವಯಸ್ಸಿನಲ್ಲಿ, ತೀರಿಕೊಂಡಾಗ, ಅವರ ವೃತ್ತಿಯೇ ಮರಣಕ್ಕೆ ಕಾರಣವೆಂದು ವಿಚಾರಣಾಧಿಕಾರಿಗಳು ತೀರ್ಮಾನಿಸಿದರು. ಮಿದುಳು ಸವೆಯುವ ರೋಗಗಳಿಂದ ಸಾಯುವ ಸಂಭವವು ಸ್ಕಾಟ್ಲೆಂಡಿನ ಮಾಜಿ ವೃತ್ತಿಪರ ಆಟಗಾರರಲ್ಲಿ ಇತರರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚೆಂದು 2019ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾನಿಲಯದ ಸಂಶೋಧಕರು ಪ್ರಕಟಿಸಿದರು. ಹೃದ್ರೋಗದಿಂದ ಸಾಯುವ ಸಂಭವ ಅವರಲ್ಲಿ ಕಡಿಮೆಯಿದ್ದಿತೆಂಬುದನ್ನೂ ಹೇಳಲೇಬೇಕು. ಆದುದರಿಂದ ಆಟವನ್ನೇ ತೊರೆಯಬೇಕಾಗಿಲ್ಲ. ತಲೆಯನ್ನು ಕಾಪಾಡಿಕೊಂಡರೆ ಸಾಕು.

ಇದು ದೂರದೇಶದ ಮಾತೆಂದು ಮಿಯಾಪುರದ ಕನ್ನಡಿಗರು ಬದಿಗಿಡಲಾಗದು. ಇಂದು ಹೋಟೆಲಿನ ಗಲ್ಲಾಪೆಟ್ಟಿಗೆಯನ್ನೋ ಕಚೇರಿಯ ಕಡತವನ್ನೋ ನೋಡಿಕೊಳ್ಳುತ್ತಿರುವ ನಮ್ಮವರಲ್ಲಿ ಊರಿನ ಗರಡಿಯಲ್ಲಿ, ಕಬಡ್ಡಿಯ ಅಂಕಣದಲ್ಲಿ ಮೈ ಹುರಿಗೊಳಿಸಿದವರಿದ್ದಾರೆ. ಅಂತಹ ಹಿರಿಯರು ಲೆಕ್ಕ ತಪ್ಪಿದರೆ, ಪರಿಚಿತ ದಾರಿಯನ್ನು ಮರೆತರೆ, ಕಾರಣವಿಲ್ಲದೆ ಸಿಡಿಮಿಡಿಗೊಂಡರೆ ‘ಅರಳುಮರಳು’ ಎಂದು ನಗೆಯಾಡದೆ ನರರೋಗತಜ್ಞರಿಗೆ ತೋರಿಸಬೇಕು. ಹಿಂದೆ ತಲೆಗೆ ಬಿದ್ದ ಪೆಟ್ಟುಗಳನ್ನೂ ತಿಳಿಸಬೇಕು. ಥೈರಾಯ್ಡ್ ದೋಷ, ಬಿ-12 ಜೀವಸತ್ವದ ಕೊರತೆಗಳಿಂದಲೂ ಮರೆವು ಬರುವುದುಂಟು, ಅವಕ್ಕೆ ಔಷಧವಿದೆ. ಮಿಯಾಪುರದಿಂದ ಮೆಟ್ರೋ ರೈಲಿನಲ್ಲಿ ಪಂಜಗುಟ್ಟದವರೆಗೆ ಹೋದರೆ ನಿಜಾಮ್ ವೈದ್ಯವಿಜ್ಞಾನ ಸಂಸ್ಥೆಯಿದೆ. ನಾಡಿಗೆ ಹೋದಾಗ ಬೆಂಗಳೂರಿನ ನಿಮ್ಹಾನ್ಸ್ ಇದೆ.

ಇನ್ನು ಆಡುವ ತರುಣರಿಗೆ ಒಂದೇ ನಿಯಮ: ತಲೆಗೆ ಪೆಟ್ಟು ಬಿದ್ದು ಮಂಕು ಕವಿದವನು ಅಂದು ಮತ್ತೆ ಅಂಕಣಕ್ಕೆ ಇಳಿಯಕೂಡದು, ವೈದ್ಯರು ಒಪ್ಪುವವರೆಗೂ ಆಡಕೂಡದು. ವಾಂತಿ, ಹೆಚ್ಚುತ್ತಿರುವ ತಲೆನೋವು, ತಡೆಯಲಾಗದ ತೂಕಡಿಕೆ ಕಂಡರೆ ಕೂಡಲೇ ಆಸ್ಪತ್ರೆಗೆ ಸೇರಿಸತಕ್ಕದ್ದು. ಜೊತೆಗಾರನನ್ನು ಅಂಕಣದಿಂದ ಹೊರಗೆ ಕರೆತರುವುದು ಹೇಡಿತನವಲ್ಲ. ಅದು ಅವನ ಮುಪ್ಪಿಗೆ ನಾವು ಮಾಡುವ ಉಪಕಾರ.