ಪಟ್ಟಿಶುಲ್ಕವೂ ಸಂಗ್ರಹವಸ್ತುಗಳ ಸಣ್ಣ ವ್ಯಾಪಾರಿಯೂ

ಅಂಚೆಚೀಟಿ, ಹಳೆಯ ನಾಣ್ಯ, ಚಿತ್ರದ ಕಾರ್ಡು, ಬೆಂಕಿಪೆಟ್ಟಿಗೆಯ ಚೀಟಿ, ದೇಶೀ ಸಂಸ್ಥಾನಗಳ ಮುದ್ರಾಂಕದ ಕಾಗದ ಮುಂತಾದ ಸಂಗ್ರಹವಸ್ತುಗಳ ವ್ಯಾಪಾರಕ್ಕೆ ಮಿಕ್ಕ ವ್ಯಾಪಾರಗಳಲ್ಲಿ ಕಾಣದ ಒಂದು ಲಕ್ಷಣವುಂಟು. ಅಕ್ಕಿಯ ಅಂಗಡಿಯಲ್ಲಿ ಸರಕಿನ ಬಗೆ ಕೆಲವು, ಕೊಳ್ಳುವವರು ಊರೆಲ್ಲ. ಇಲ್ಲಿಯಾದರೋ ಸರಕು ಸಾವಿರ ಬಗೆಯದು; ಒಂದೊಂದು ಬಗೆಗೂ ಕೊಳ್ಳುವವನು ಒಬ್ಬನೋ ಇಬ್ಬರೋ. ಆತ ಯಾವ ಊರಿನಲ್ಲಿರುವನೆಂಬುದಾಗಲಿ, ಈ ವರ್ಷ ಬರುವನೋ ಮುಂದಿನ ವರ್ಷವೋ ಎಂಬುದಾಗಲಿ ವ್ಯಾಪಾರಿಗೆ ತಿಳಿಯದು. ಕಾಯುವುದೇ ಈ ವ್ಯಾಪಾರದ ಮುಖ್ಯ ಕೆಲಸ. ಕಾಯುವುದಕ್ಕೆ ತಗಲುವ ವೆಚ್ಚ ಕಡಿಮೆಯಾದಷ್ಟೂ ವ್ಯಾಪಾರಿಯು ಹೆಚ್ಚು ಬಗೆಯ, ಹೆಚ್ಚು ಅಗ್ಗದ ವಸ್ತುಗಳನ್ನು ಇಟ್ಟುಕೊಳ್ಳಬಲ್ಲನು. ಮುಂಬಯಿಯ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಅಂಗಡಿಯವನು ಬಾಡಿಗೆ ಕೊಡುವುದು ಮಳಿಗೆಗೆ. ಒಳಗೆ ನೂರು ಸಾಮಾನು ಇದ್ದರೂ ಹತ್ತು ಸಾವಿರ ಇದ್ದರೂ ಬಾಡಿಗೆ ಅಷ್ಟೇ. ಮೂಲೆಯ ಡಬ್ಬಿಯಲ್ಲಿ ಧೂಳು ಹಿಡಿದು ಬಿದ್ದಿರುವ ಕಾಸಿಗೆಂದು ಅವನು ಪ್ರತ್ಯೇಕವಾಗಿ ಏನನ್ನೂ ತೆರಬೇಕಾಗಿಲ್ಲ.

ಅಂತರ್ಜಾಲದ ಪೇಟೆಯು ಈ ಕ್ರಮವನ್ನು ಬದಲಿಸಿತು. ಅಲ್ಲಿ ಮಾರಲು ಇಟ್ಟ ಒಂದೊಂದು ವಸ್ತುವಿಗೂ ಒಂದು ಪುಟ. ಒಂದೊಂದು ಪುಟಕ್ಕೂ ಒಂದು ಶುಲ್ಕ. ‘ಲಿಸ್ಟಿಂಗ್ ಫೀ’ ಎಂದು ವ್ಯಾಪಾರಿಗಳು ಕರೆಯುವ ಇದನ್ನು ಪಟ್ಟಿಶುಲ್ಕವೆನ್ನಬಹುದು. ವಸ್ತು ಮಾರಿದರೂ ಮಾರದಿದ್ದರೂ ಇದನ್ನು ಕೊಡಬೇಕು. ಮಾರಿದ ಬಳಿಕ ಬೆಲೆಯ ಮೇಲೆ ಶೇಕಡಾವಾರಾಗಿ ಕೊಡುವ ದಲ್ಲಾಳಿ ಬೇರೆ. ಈ ಎರಡರಲ್ಲಿ ಯಾವುದು ಎಷ್ಟಿರಬೇಕೆಂಬ ಪ್ರಶ್ನೆ ಲೆಕ್ಕದ ಪುಸ್ತಕದ್ದೆಂದು ತೋರಬಹುದು. ಆದರೆ ಯಾವ ವಸ್ತು ಪೇಟೆಗೆ ಬಂದೀತು, ಯಾವುದು ಬಾರದೆ ಉಳಿದೀತು ಎಂಬುದನ್ನು ನಿರ್ಣಯಿಸುವುದು ಇದೇ.

ಕನ್ನಡ ಶಾಸನಗಳನ್ನು ಓದಿದವರಿಗೆ ಈ ಭೇದ ಹೊಸದಲ್ಲ. ದೇವಸ್ಥಾನಗಳಿಗೆ ಬಿಟ್ಟ ಆಯಗಳಲ್ಲಿ ಎಲೆಯ ಹೇರಿಗೆ ಇಷ್ಟು ಎಲೆ ಎಂಬ ಬಗೆಯವೂ ಉಂಟು, ಹೊನ್ನಿಗೆ ಇಷ್ಟು ವೀಸ ಎಂಬ ಬಗೆಯವೂ ಉಂಟು. ಮೊದಲನೆಯದು ಸರಕಿನ ಮೇಲಣ ಆಯ, ಎರಡನೆಯದು ಹಣದ ಮೇಲಣ ಆಯ. ಹೇರಿನ ಲೆಕ್ಕದಲ್ಲಿಯೂ ಒಂದು ಅನುಕೂಲವಿತ್ತು: ಎಲೆಯ ಹೇರಿನಿಂದ ಎಲೆಯನ್ನೇ ತೆಗೆದುಕೊಳ್ಳುತ್ತಿದ್ದುದರಿಂದ ಸರಕು ಅಗ್ಗವಾದರೆ ಕೊಡುವುದೂ ಅಗ್ಗವಾಗುತ್ತಿತ್ತು. ಇಂದಿನ ಪಟ್ಟಿಶುಲ್ಕದಲ್ಲಿ ಅದಿಲ್ಲ.

ಅಮೆರಿಕದ ಈಬೇ ಸಂಸ್ಥೆಯ ಚರಿತ್ರೆ ಇದಕ್ಕೆ ತಕ್ಕ ನಿದರ್ಶನ. ೧೯೯೫ರ ಸೆಪ್ಟೆಂಬರಿನಲ್ಲಿ ಪಿಯರ್ ಒಮಿಡ್ಯಾರ್ ಎಂಬ ತಂತ್ರಜ್ಞನು ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಲ್ಲಿ ಇದನ್ನು ‘ಆಕ್ಷನ್‌ವೆಬ್’ ಎಂಬ ಹೆಸರಿನಿಂದ ಆರಂಭಿಸಿದಾಗ ಶುಲ್ಕವೇ ಇರಲಿಲ್ಲ. ೧೯೯೬ರ ಆದಿಯಲ್ಲಿ ಅಂತರ್ಜಾಲ ಸಂಪರ್ಕ ಒದಗಿಸುತ್ತಿದ್ದವರು ತಿಂಗಳಿಗೆ ೩೦ ಡಾಲರಿನ ಬದಲು ೨೫೦ ಡಾಲರು ಕೇಳಿದ್ದರಿಂದ ಅವನು ಮಾರಾಟದ ಬೆಲೆಯಲ್ಲಿ ಒಂದು ಅಂಶವನ್ನು ಕೇಳತೊಡಗಿದನು. ಲಕೋಟೆಗಳಲ್ಲಿ ಚಿಲ್ಲರೆ ನಾಣ್ಯಗಳು ಬರತೊಡಗಿದುವಂತೆ. ವಸ್ತುವನ್ನು ಪಟ್ಟಿಗೆ ಸೇರಿಸುವುದಕ್ಕೇ ಶುಲ್ಕ ಬಂದುದು ಆಮೇಲೆ. ಸಂಸ್ಥಾಪಕನು ತನ್ನ ಭಾವೀ ಪತ್ನಿಗೆ ಪೆಜ್ ಮಿಠಾಯಿ ಡಬ್ಬಿಗಳ ಸಂಗ್ರಹಕ್ಕೆ ಅನುಕೂಲವಾಗಲೆಂದು ಈ ಪೇಟೆ ತೆರೆದನೆಂಬ ಕಥೆ ಬಹುಕಾಲ ಪ್ರಚಾರದಲ್ಲಿತ್ತು. ಅದು ಸಂಸ್ಥೆಯ ಪ್ರಚಾರ ವಿಭಾಗದ ಸೃಷ್ಟಿಯೆಂದು ೨೦೦೨ರಲ್ಲಿ ಬಯಲಾಯಿತು. ಆದರೂ ಕಟ್ಟುಕಥೆಯಿಂದಲೇ ಒಂದು ನಿಜ ತಿಳಿಯುತ್ತದೆ: ತನ್ನನ್ನು ಸಂಗ್ರಾಹಕರ ಪೇಟೆಯೆಂದು ಜನ ನೆನೆಯಬೇಕೆಂಬುದು ಸಂಸ್ಥೆಯ ಅಂದಿನ ಅಪೇಕ್ಷೆ.

ಪಟ್ಟಿಶುಲ್ಕದ ಭಾರವನ್ನು ಅಂಕಿಗಳಲ್ಲಿ ನೋಡಬೇಕು. ೨೦೨೫ರಲ್ಲಿ ಈಬೇಯ ಅಮೆರಿಕದ ಪೇಟೆಯಲ್ಲಿ ಅಂಗಡಿ ಚಂದಾ ಇಲ್ಲದ ಮಾರಾಟಗಾರನಿಗೆ ತಿಂಗಳಿಗೆ ೨೫೦ ಪಟ್ಟಿಗಳು ಉಚಿತ. ಆಮೇಲಿನ ಒಂದೊಂದಕ್ಕೂ ೩೫ ಸೆಂಟು. ನಿಗದಿತ ಬೆಲೆಯ ಪಟ್ಟಿಗಳು ೨೦೧೯ರ ಮಾರ್ಚಿನಿಂದ ಮಾರಾಟಗಾರನು ರದ್ದುಮಾಡುವವರೆಗೆ ತಿಂಗಳು ತಿಂಗಳಿಗೆ ತಾವಾಗಿ ನವೀಕರಣಗೊಳ್ಳುತ್ತವೆ. ಶುಲ್ಕವೂ ತಿಂಗಳು ತಿಂಗಳಿಗೆ ಬೀಳುತ್ತದೆ. ಉಚಿತ ಮಿತಿಯನ್ನು ದಾಟಿದ ವ್ಯಾಪಾರಿಯೊಬ್ಬನು ಎರಡು ಡಾಲರಿನ ಅಂಚೆಚೀಟಿಗಳನ್ನು ಮಾರಲು ಇಟ್ಟನೆನ್ನೋಣ. ತಿಂಗಳಿಗೆ ಇಪ್ಪತ್ತರಲ್ಲಿ ಒಂದು ಮಾರಿದರೆ, ಆ ಒಂದು ಮಾರಾಟವು ಇಪ್ಪತ್ತು ಪಟ್ಟಿಗಳ ಶುಲ್ಕವನ್ನು, ಅಂದರೆ ೭ ಡಾಲರನ್ನು, ಹೊರಬೇಕಾಗುವುದು. ವಸ್ತುವಿನ ಬೆಲೆ ಎರಡು ಡಾಲರು! ಅದೇ ವೇಗದಲ್ಲಿ ೨೦೦ ಡಾಲರಿನ ಚೀಟಿಗಳನ್ನು ಮಾರುವವನಿಗೆ ಆ ೭ ಡಾಲರು ಬೆಲೆಯ ಶೇಕಡಾ ಮೂರೂವರೆ ಮಾತ್ರ. ಶುಲ್ಕ ಒಂದೇ; ಒಬ್ಬನಿಗೆ ಅದು ಗಮನಕ್ಕೆ ಬಾರದ ಖರ್ಚು, ಇನ್ನೊಬ್ಬನಿಗೆ ಅಂಗಡಿ ಮುಚ್ಚುವ ಕಾರಣ.

ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಇದು ದಾಸ್ತಾನಿನ ಮೇಲಣ ಬಡ್ಡಿ. ೫೦ ಸೆಂಟಿಗೆ ಕೊಂಡ ಚೀಟಿಯೊಂದನ್ನು ವರ್ಷಕ್ಕೆ ಶೇಕಡಾ ೧೨ರ ಸಾಲದಿಂದ ಇಟ್ಟುಕೊಂಡರೆ ತಿಂಗಳಿಗೆ ಅರ್ಧ ಸೆಂಟು ಬಡ್ಡಿ. ಅದೇ ಚೀಟಿಯ ಪಟ್ಟಿಶುಲ್ಕ ತಿಂಗಳಿಗೆ ೩೫ ಸೆಂಟು. ಎಂದರೆ ಬಡ್ಡಿಯ ಎಪ್ಪತ್ತು ಪಟ್ಟು, ಹೂಡಿದ ಹಣದ ಮೇಲೆ ತಿಂಗಳಿಗೆ ಶೇಕಡಾ ೭೦. ಮೀಟರ್ ಬಡ್ಡಿಯವರೂ ಇಷ್ಟನ್ನು ಕೇಳಲಾರರು. ಎರಡು ಡಾಲರಿಗೆ ಮಾರಿದರೆ ಮಿಗುವ ಒಂದೂವರೆ ಡಾಲರು ಲಾಭವನ್ನು ಈ ಶುಲ್ಕವು ನಾಲ್ಕು ತಿಂಗಳು ಚಿಲ್ಲರೆ ದಿನಗಳಲ್ಲಿ ತಿಂದುಹಾಕುತ್ತದೆ. ವರ್ಷಗಟ್ಟಲೆ ಕಾಯಬೇಕಾದ ವಸ್ತುವಿಗೆ ನಾಲ್ಕು ತಿಂಗಳ ಆಯುಷ್ಯ!

ಹರಾಜಿನಲ್ಲಿ ಇದರ ಪರಿಣಾಮ ಇನ್ನೊಂದು ಬಗೆ. ಅಲ್ಲಿ ಬಹುಕಾಲ ಪಟ್ಟಿಶುಲ್ಕವು ಆರಂಭದ ಬೆಲೆಯನ್ನು ಅನುಸರಿಸಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು. ೨೦೧೦ರ ಮಾರ್ಚ್ ಕೊನೆಯಿಂದ ಒಂದು ಡಾಲರಿಗಿಂತ ಕಡಿಮೆಗೆ ಆರಂಭವಾಗುವ ಹರಾಜುಗಳಿಗೆ ತಿಂಗಳಿಗೆ ನೂರರವರೆಗೆ ಪಟ್ಟಿಶುಲ್ಕವನ್ನೇ ತೆಗೆದುಹಾಕಲಾಯಿತು. ಉದಾರವೆಂದು ತೋರುವ ಈ ಕ್ರಮ ಸಣ್ಣ ವ್ಯಾಪಾರಿಗಳನ್ನು ೯೯ ಸೆಂಟಿನ ಆರಂಭದ ಕಡೆಗೆ ತಳ್ಳಿತು. ಹತ್ತು ಜನ ಪೈಪೋಟಿ ಮಾಡುವ ವಸ್ತುವಾದರೆ ಆರಂಭದ ಬೆಲೆ ಎಷ್ಟಿದ್ದರೂ ಚಿಂತೆಯಿಲ್ಲ. ಆದರೆ ಅಪರೂಪದ ಸಂಗ್ರಹವಸ್ತುವಿಗೆ ಆ ವಾರ ಒಬ್ಬನೇ ಗಿರಾಕಿ ಬಂದರೆ ಹದಿನೈದು ಡಾಲರಿನ ವಸ್ತು ೯೯ ಸೆಂಟಿಗೆ ಹೋಗುತ್ತದೆ. ಶುಲ್ಕವನ್ನು ಉಳಿಸಲು ಹೋಗಿ ಸರಕನ್ನೇ ಕಳೆದುಕೊಳ್ಳುವ ಇಕ್ಕಟ್ಟು ಇದು.

ಕಾಯುವ ಸರಕಿಗಾಗಿ ಈಬೇ ಒಂದು ಕಾಲದಲ್ಲಿ ಪ್ರತ್ಯೇಕ ವ್ಯವಸ್ಥೆಯನ್ನೇ ಮಾಡಿತ್ತು. ಮಾಸಿಕ ಚಂದಾ ಕೊಟ್ಟು ‘ಸ್ಟೋರ್’ ತೆರೆದವರು ತಮ್ಮ ದಾಸ್ತಾನನ್ನು ಕೆಲವೇ ಸೆಂಟುಗಳ ಶುಲ್ಕಕ್ಕೆ ತಿಂಗಳುಗಟ್ಟಲೆ ಇಡಬಹುದಾಗಿತ್ತು. ಪ್ರತಿಯಾಗಿ ಅವು ಮುಖ್ಯ ಹುಡುಕಾಟದಲ್ಲಿ ಎದ್ದು ಕಾಣುತ್ತಿರಲಿಲ್ಲ. ಹಳೆಯ ಕಾರ್ಡು, ಚೀಟಿಗಳನ್ನು ಮಾರುವವರಿಗೆ ಇದಕ್ಕಿಂತ ಹಿತವಾದ ಏರ್ಪಾಡು ಬೇರೆ ಇರಲಿಲ್ಲ. ೨೦೦೫ರ ಆದಿಯಲ್ಲಿ ಸ್ಟೋರಿನ ಚಂದಾ ೯.೯೫ರಿಂದ ೧೫.೯೫ ಡಾಲರಿಗೆ ಏರಿದಾಗ ದೊಡ್ಡ ಕೋಲಾಹಲವೆದ್ದಿತು. ೨೦೦೬ರಲ್ಲಿ ದಾಸ್ತಾನಿನ ಶುಲ್ಕವೂ ಏರಿತು. ೨೦೧೦ರ ಮಾರ್ಚಿನಲ್ಲಿ ಈ ಅಗ್ಗದ ಬಗೆಯನ್ನೇ ರದ್ದುಗೊಳಿಸಿ, ೧೫.೯೫ ಡಾಲರಿನ ಕೆಳದರ್ಜೆಯ ಸ್ಟೋರಿನವರಿಗೆ ಪಟ್ಟಿಯೊಂದಕ್ಕೆ ೨೦ ಸೆಂಟು, ೪೯.೯೫ ಡಾಲರಿನ ಮೇಲುದರ್ಜೆಯವರಿಗೆ ೫ ಸೆಂಟು ಎಂದು ಗೊತ್ತುಮಾಡಿದರು. ಸಾವಿರ ವಸ್ತುಗಳನ್ನಿಟ್ಟವನಿಗೆ ಕೆಳದರ್ಜೆಯಲ್ಲಿ ತಿಂಗಳಿಗೆ ೨೧೫.೯೫ ಡಾಲರು, ಮೇಲುದರ್ಜೆಯಲ್ಲಿ ೯೯.೯೫ ಡಾಲರು. ೨೨೭ ವಸ್ತುಗಳಾದೊಡನೆ ಮೇಲುದರ್ಜೆಯೇ ಅಗ್ಗವಾಗುತ್ತದೆ. ಅಲ್ಲಿಂದ ಮುಂದೆ ಸರಕು ಹೆಚ್ಚಿದಷ್ಟೂ ತಲೆಗೆ ಬೀಳುವ ಖರ್ಚು ಇಳಿಯುತ್ತದೆ. ಸರಕು ಕಡಿಮೆಯಿದ್ದವನಿಗೆ ಖರ್ಚು ಹೆಚ್ಚು. ಸಗಟು ವ್ಯಾಪಾರದಲ್ಲಿ ಇದು ಸಹಜವಾದರೂ ನಿವೃತ್ತಿಯ ಬಳಿಕ ತನ್ನ ಸಂಗ್ರಹದ ಮಿಕ್ಕ ಪ್ರತಿಗಳನ್ನು ಮಾರುವವನಿಗೆ ಇದು ನುಂಗಲಾರದ ತುತ್ತು.

ಪೇಟೆಯವರ ಪಕ್ಷದಲ್ಲಿಯೂ ನ್ಯಾಯವಿಲ್ಲದಿಲ್ಲ. ಪಟ್ಟಿಗೆ ಸೇರಿಸುವುದು ಪೂರ್ತಿ ಉಚಿತವಾದರೆ ಯಾರೂ ಕೊಳ್ಳದ ಸರಕು, ಮನಸ್ಸಿಗೆ ಬಂದ ಬೆಲೆ ಹೇಳಿಟ್ಟ ಸರಕು, ಒಂದೇ ವಸ್ತುವಿನ ಹತ್ತು ಪುಟ ಇವುಗಳ ನಡುವೆ ಬೇಕಾದುದು ಸಿಕ್ಕದು. ಸಣ್ಣ ಶುಲ್ಕವೊಂದಿದ್ದರೆ ಮಾರುವವನು ಬೆಲೆಯನ್ನು ಎರಡು ಬಾರಿ ಯೋಚಿಸುತ್ತಾನೆ. ಶುಲ್ಕ ಇರಬೇಕೇ ಎಂಬುದು ಪ್ರಶ್ನೆಯಲ್ಲ. ಕಸವನ್ನು ತಡೆಯಲು ಹಾಕಿದ ಜರಡಿಯಲ್ಲಿ ಅಗ್ಗದ ಧಾನ್ಯವೂ ಸಿಕ್ಕಿಬೀಳಬೇಕೇ ಎಂಬುದು ಪ್ರಶ್ನೆ. ಎಟ್ಸಿ ಎಂಬ ಇನ್ನೊಂದು ಅಮೆರಿಕನ್ ಪೇಟೆ ಇಪ್ಪತ್ತು ವರ್ಷಕ್ಕೂ ಹಳೆಯದಾದ ವಸ್ತುಗಳ ಮಾರಾಟಕ್ಕೆ ಅವಕಾಶ ಕೊಡುತ್ತದೆ. ಅಲ್ಲಿ ಪಟ್ಟಿಶುಲ್ಕ ನಾಲ್ಕು ತಿಂಗಳಿಗೆ ೨೦ ಸೆಂಟು, ಅಂದರೆ ತಿಂಗಳಿಗೆ ೫ ಸೆಂಟು. ಅದೇ ಜರಡಿ, ಕಣ್ಣು ಬೇರೆ.

ಪಟ್ಟಿಶುಲ್ಕ ಇಳಿಸಿ ದಲ್ಲಾಳಿ ಏರಿಸುವುದು ಇನ್ನೊಂದು ದಾರಿ. ಈಬೇ ೨೦೦೮ರ ಜನವರಿಯಲ್ಲಿ ಪಟ್ಟಿಶುಲ್ಕವನ್ನು ಶೇಕಡಾ ೨೫ರಿಂದ ೫೦ರವರೆಗೆ ತಗ್ಗಿಸಿ, ಬೆಲೆಯ ಮೊದಲ ೨೫ ಡಾಲರುಗಳ ಮೇಲಣ ದಲ್ಲಾಳಿಯನ್ನು ಶೇಕಡಾ ೫.೨೫ರಿಂದ ೮.೭೫ಕ್ಕೆ ಏರಿಸುವುದಾಗಿ ಸಾರಿತು. ಫೆಬ್ರವರಿಯಲ್ಲಿ ಹಲವು ಮಾರಾಟಗಾರರು ಒಂದು ವಾರ ಬಹಿಷ್ಕಾರ ಹೂಡಿದರು. ಅವರ ಸಿಟ್ಟಿಗೆ ಬೇರೆ ಕಾರಣಗಳೂ ಇದ್ದುವು. ಗಿರಾಕಿಯ ವಿಷಯದಲ್ಲಿ ಮಾರಾಟಗಾರನು ಪ್ರತಿಕೂಲ ಅಭಿಪ್ರಾಯ ಬರೆಯಕೂಡದೆಂಬ ನಿಯಮ ಅವುಗಳಲ್ಲೊಂದು. ಆದರೆ ಕಾಯುವ ವ್ಯಾಪಾರಿಯ ದೃಷ್ಟಿಯಿಂದ ಈ ಬದಲಾವಣೆಯ ದಿಕ್ಕು ತಪ್ಪಾಗಿರಲಿಲ್ಲ. ಮಾರಿದಾಗ ಹೆಚ್ಚು ಕೊಡುವುದು, ಮಾರದಿರುವಾಗ ಕೊಡುತ್ತಲೇ ಇರುವುದಕ್ಕಿಂತ ಲೇಸು.

ದುರದೃಷ್ಟವಶಾತ್ ನಿಗದಿತ ಶುಲ್ಕವು ಒಂದು ಬಾಗಿಲಿನಿಂದ ಹೊರಬಿದ್ದು ಇನ್ನೊಂದು ಬಾಗಿಲಿನಿಂದ ಒಳಬಂದಿದೆ. ೨೦೨೫ರ ಫೆಬ್ರವರಿಯಿಂದ ಬಹುತೇಕ ವಿಭಾಗಗಳಲ್ಲಿ ದಲ್ಲಾಳಿ ಶೇಕಡಾ ೧೩.೬, ಅದರ ಮೇಲೆ ಪ್ರತಿಯೊಂದು ಬೇಡಿಕೆಗೂ, ಹತ್ತು ಡಾಲರಿನವರೆಗೆ ೩೦ ಸೆಂಟು, ಮೀರಿದರೆ ೪೦ ಸೆಂಟು. ದಲ್ಲಾಳಿಯನ್ನು ಅಂಚೆ ವೆಚ್ಚವನ್ನೂ ಕೂಡಿಸಿ ಲೆಕ್ಕಹಾಕುತ್ತಾರೆ. ಎರಡು ಡಾಲರಿನ ಚೀಟಿ, ಒಂದು ಡಾಲರಿನ ಅಂಚೆ. ಮಾರಾಟ ತೆರಿಗೆಯನ್ನು ಬಿಟ್ಟರೂ ಒಟ್ಟು ಶುಲ್ಕ ೭೧ ಸೆಂಟು, ಅಂದರೆ ಚೀಟಿಯ ಬೆಲೆಯ ಮೂರರಲ್ಲೊಂದು ಪಾಲಿಗಿಂತ ಹೆಚ್ಚು. ನೂರು ಡಾಲರಿನ ಚೀಟಿಗೆ ಅದು ಹೆಚ್ಚುಕಡಿಮೆ ಶೇಕಡಾ ೧೪. ಜರ್ಮನಿಯಲ್ಲಿ ೨೦೨೩ರ ಮಾರ್ಚಿನಲ್ಲಿಯೂ ಬ್ರಿಟನ್ನಿನಲ್ಲಿ ೨೦೨೪ರ ಅಕ್ಟೋಬರಿನಲ್ಲಿಯೂ ಖಾಸಗಿ ಮಾರಾಟಗಾರರ ಶುಲ್ಕವನ್ನು ಈಬೇ ತೆಗೆದುಹಾಕಿತು. ಬ್ರಿಟನ್ನಿನಲ್ಲಿ ೨೦೨೫ರ ಫೆಬ್ರವರಿಯಿಂದ ಶುಲ್ಕವು ಕೊಳ್ಳುವವನ ಮೇಲೆ ಬಂತು. ಬಿಲ್ಲಿನಲ್ಲಿ ಯಾರ ಹೆಸರು ಇದ್ದರೂ ಗಿರಾಕಿ ಕೊಡುವುದಕ್ಕೂ ವ್ಯಾಪಾರಿಯ ಕೈಸೇರುವುದಕ್ಕೂ ನಡುವಣ ಅಂತರ ಉಳಿದೇ ಇರುತ್ತದೆ.

ಇಂಥ ಒತ್ತಡದಲ್ಲಿ ವ್ಯಾಪಾರಿಗೆ ಸುಲಭವಾದ ಉಪಾಯ ಗಂಟುಕಟ್ಟುವುದು. ಐವತ್ತು ಚೀಟಿಗಳಿಗೆ ಐವತ್ತು ಪಟ್ಟಿ ಬರೆಯುವ ಬದಲು ಒಂದೇ ಗಂಟು, ಒಂದೇ ಪಟ್ಟಿ, ಒಂದೇ ಶುಲ್ಕ. ವ್ಯಾಪಾರದ ದೃಷ್ಟಿಯಿಂದ ಇದು ಜಾಣತನ, ಸಂಶೋಧಕನಿಗೆ ನಷ್ಟ. ಹೈದರಾಬಾದು ಸಂಸ್ಥಾನವು ೧೮೬೯ರಿಂದ ತನ್ನದೇ ಅಂಚೆಚೀಟಿಗಳನ್ನು ಹೊರಡಿಸಿತು; ರಾಯಚೂರು, ಕಲಬುರ್ಗಿ, ಬೀದರುಗಳು ಆ ಸಂಸ್ಥಾನದಲ್ಲಿದ್ದುವು. ಆ ಚೀಟಿಗಳಲ್ಲಿ ಸಾಮಾನ್ಯವಾದುವಕ್ಕೆ ಬೆಲೆ ಅತ್ಯಲ್ಪ. ಆದರೆ ಅದರ ಮೇಲೆ ಬಿದ್ದ ಊರಿನ ಅಂಚೆಮುದ್ರೆ, ಎಲ್ಲಿ ಯಾವಾಗ ಅಂಚೆಮನೆಯಿತ್ತೆಂಬುದಕ್ಕೆ ಪ್ರತ್ಯಕ್ಷ ಸಾಕ್ಷ್ಯ. ಮಾರುವವನು ‘ರಾಯಚೂರಿನ ಮುದ್ರೆ’ ಎಂದು ಬರೆದು ಚಿತ್ರಸಹಿತ ಪ್ರತ್ಯೇಕ ಪುಟದಲ್ಲಿ ಇಟ್ಟರೆ ಸಾವಿರಾರು ಮೈಲಿ ದೂರದ ಅಭ್ಯಾಸಿಗೆ ಅದು ಸಿಕ್ಕುತ್ತದೆ. ‘ಹೈದರಾಬಾದು, ೫೦ ಚೀಟಿ’ ಎಂದು ಗಂಟುಕಟ್ಟಿದರೆ ಊರಿನ ಹೆಸರು ಎಲ್ಲಿಯೂ ಬರುವುದಿಲ್ಲ. ಹುಡುಕಿದವನಿಗೆ ದೊರೆಯುವುದೂ ಇಲ್ಲ. ಪಟ್ಟಿ ಎಂಬುದು ಮಾರಾಟದ ಜಾಹೀರಾತಾಗಿರುವಂತೆಯೇ ಒಂದು ವಿವರಣೆಯೂ ಆಗಿದೆ. ಪಟ್ಟಿಶುಲ್ಕ ಕೊನೆಗೆ ಬೀಳುವುದು ಈ ವಿವರಣೆಯ ಮೇಲೆಯೇ.

ಭಾರತದಲ್ಲಿ ಈ ಪೇಟೆಯ ಚರಿತ್ರೆ ಮುಂಬಯಿಗೆ ಸೇರಿದ್ದು. ೨೦೦೦ದಲ್ಲಿ ಇಲ್ಲಿ ಆರಂಭವಾದ ಬಾಜಿ ಡಾಟ್ ಕಾಮ್ ಸಂಸ್ಥೆಯನ್ನು ಈಬೇ ೨೦೦೪ರಲ್ಲಿ ಸುಮಾರು ಐದು ಕೋಟಿ ಡಾಲರಿಗೆ ಕೊಂಡಿತು. ೨೦೧೭ರಲ್ಲಿ ಅದು ಫ್ಲಿಪ್‌ಕಾರ್ಟಿನ ವಶಕ್ಕೆ ಹೋಗಿ, ೨೦೧೮ರ ಆಗಸ್ಟಿನಲ್ಲಿ ಮುಚ್ಚಿಹೋಯಿತು. ಆಮೇಲೆ ಇಲ್ಲಿಯ ಮಾರಾಟಗಾರರಿಗೆ ಈಬೇಯಲ್ಲಿ ಉಳಿದುದು ಹೊರದೇಶಕ್ಕೆ ಮಾರುವ ಮಾರ್ಗ. ನೂರು ವರ್ಷ ದಾಟಿದ ನಾಣ್ಯಗಳಿಗೆ ಆ ಮಾರ್ಗವೂ ಇಲ್ಲ, ೧೯೭೨ರ ಪುರಾತನ ವಸ್ತುಗಳ ಕಾಯಿದೆ ಅಡ್ಡವಾಗುತ್ತದೆ. ಬೆಲ್ಜಿಯಮ್ಮಿನ ಡೆಲ್‌ಕಾಂಪ್ ಸಂಗ್ರಾಹಕರಿಗಾಗಿಯೇ ಇರುವ ಪೇಟೆ. ಪಟ್ಟಿಗೆ ಸೇರಿಸುವುದು ಅಲ್ಲಿ ಉಚಿತ, ಮಾರಿದರೆ ದಲ್ಲಾಳಿ. ಒಳನಾಡಿನ ಸಣ್ಣ ವ್ಯಾಪಾರ ಬಹುಮಟ್ಟಿಗೆ ವಾಟ್ಸಾಪ್ ಮತ್ತು ಫೇಸ್‌ಬುಕ್ ಗುಂಪುಗಳಿಗೆ ಸರಿದಿದೆ. ಅಲ್ಲಿ ಶುಲ್ಕವೇ ಇಲ್ಲ. ಆದರೆ ಸಂಜೆ ತೋರಿಸಿದ ವಸ್ತು ರಾತ್ರಿ ಮಾರಿದರೆ ಬೆಳಗಿಗೆ ಅದರ ಚಿತ್ರವನ್ನೂ ಬೆಲೆಯನ್ನೂ ಹುಡುಕಿ ತೆಗೆಯುವುದು ಕಷ್ಟ. ಇನ್ನು ಉಳಿದುದು ಕರ್ನಾಪೆಕ್ಸ್‌ನಂಥ ಪ್ರದರ್ಶನಗಳ ಮಳಿಗೆ. ಅಲ್ಲಿ ಮತ್ತೆ ಚೋರ್ ಬಜಾರಿನ ಲೆಕ್ಕವೇ: ಬಾಡಿಗೆ ಜಾಗಕ್ಕೆ, ವಸ್ತುವಿಗಲ್ಲ. ಬಿಡಿ ಚೀಟಿಗಳ ಡಬ್ಬಿಯೊಂದನ್ನು ಮುಂದಿಟ್ಟುಕೊಂಡು ರಾಯಚೂರಿನ ಮುದ್ರೆ ಬೇಕಾದವನು ತಾನೇ ಕುಳಿತು ಹುಡುಕಿಕೊಳ್ಳಬಹುದು, ಅವನು ಆ ಊರಿಗೆ ಆ ದಿನ ಬರಬಲ್ಲವನಾದರೆ.